ಮಾಲತೇಶನ ಹದಿನಾಲ್ಕು ಕಿಲೋ

ನಮ್ಮ ಮಾಲತೇಶ ಉಳವಿಯವನು. ಸೊರಬದ ಒಂದು ಅಡಿಕೆ ಮಂಡಿಯಲ್ಲಿ ಹದಿನಾರು ವರ್ಷದಿಂದ ಗುಮಾಸ್ತ. ಇಷ್ಟು ಹೇಳಿದರೆ ಅವನ ಬಗ್ಗೆ ಊರವರು ಹೇಳೋದೆಲ್ಲ ಮುಗೀತು. ಯಾರ ಜೊತೆಗೂ ಜಗಳಕ್ಕೆ ಹೋದವನಲ್ಲ, ಪಂಚಾಯ್ತಿ ಚುನಾವಣೆಗೆ ನಿಂತವನಲ್ಲ, ನಾಲ್ಕು ಜನರ ಮುಂದೆ ದನಿ ಎತ್ತಿದವನಲ್ಲ. ನಾನು ಅವನ ಅಕ್ಕ ವರದಮ್ಮ, ಶಿಕಾರಿಪುರಕ್ಕೆ ಮದುವೆಯಾಗಿ ಬಂದವಳು. ಮನೆತನದ ಬಾಯಿಯೆಲ್ಲ ನನಗೇ ಬಂತು, ಅವನಿಗೆ ಏನೂ ಉಳೀಲಿಲ್ಲ. ಅವ್ವ ಹೋದಾಗ ಅವನಿಗೆ ಮೂರು ವರ್ಷ, ನನಗೆ ಹನ್ನೆರಡು. ಸೊಂಟದ ಮೇಲೆ ಹೊತ್ತು ಬೆಳೆಸಿದ್ದೀನಿ. ಹಂಗಾಗಿ ಅವನ ವಿಷಯ ನಾನೇ ಹೇಳಬೇಕು.

ಎರಡು ವರ್ಷದ ಹಿಂದೆ ನನ್ನ ಎರಡೂ ಕಿಡ್ನಿ ಕೈಕೊಟ್ಟವು. ವಾರಕ್ಕೆ ಎರಡು ಸಲ ಆಸ್ಪತ್ರೆಗೆ ಹೋಗಿ ನಾಲ್ಕು ತಾಸು ಡಯಾಲಿಸಿಸ್ ಮೆಷಿನ್ ಪಕ್ಕ ಮಲಗಬೇಕು. ದಿನಕ್ಕೆ ಒಂದು ಲೀಟರ್ ನೀರು, ಅದರೊಳಗೇ ಸಾರು, ಟೀ ಎಲ್ಲ. ಬೇರೆ ಕಿಡ್ನಿ ಹಾಕಿದರೆ ಒಳ್ಳೇದು ಅಂದರು ಡಾಕ್ಟರು. ನಮ್ಮ ಯಜಮಾನರು ರಾಮಪ್ಪನವರಿಗೆ ಸಕ್ಕರೆ ಕಾಯಿಲೆ, ಅವರದ್ದು ಆಗಲ್ಲ. ನಮಗೆ ಮಕ್ಕಳಿಲ್ಲ. ಮಾಲತೇಶನ ರಕ್ತ ಹೊಂದಿಕೊಂಡಿತು. ಆದರೆ ಅವನು ತೊಂಬತ್ತನಾಲ್ಕು ಕಿಲೋ ಇದ್ದ, ಬಿಪಿ ಬೇರೆ ಗಡಿ ಮೇಲೆ ನಿಂತಿತ್ತು. "ಎಂಬತ್ತಕ್ಕೆ ಇಳೀರಿ, ಬಿಪಿ ಸರಿ ಮಾಡ್ಕೊಳ್ಳಿ, ಒಂದು ವರ್ಷ ಬಿಟ್ಟು ನೋಡೋಣ" ಅಂದುಬಿಟ್ಟರು ದೊಡ್ಡಾಸ್ಪತ್ರೆ ಡಾಕ್ಟರು. ಬೆಳಗಿಂದ ಸಂಜೆವರೆಗೆ ಕೂತು ಬರೆಯೋ ಗುಮಾಸ್ತ ಹದಿನಾಲ್ಕು ಕಿಲೋ ಎಲ್ಲಿಂದ ಇಳಿಸಬೇಕು?

ಮಾರನೇ ದಿನವೇ ಅವನು ಬೈಕು ಮಾರಿ ಒಂದು ಹಳೇ ಸೈಕಲ್ ತಂದ. ಉಳವಿಯಿಂದ ಸೊರಬಕ್ಕೆ ಹೋಗಿ ಬಂದರೆ ಮೂವತ್ತು ಕಿಲೋಮೀಟರಿನ ಸುಮಾರು. ಯುಗಾದಿ ದಿನ ಹೊಸ ಕ್ಯಾಲೆಂಡರ್ ಮೊಳೆಗೆ ನೇತುಹಾಕಿ ಅದರ ಮೇಲೆ ವರ್ಷದ ಗುರಿ ಬರೆದ. ಶ್ರಾವಣದವರೆಗೆ ವಾರಕ್ಕೆ ಮೂರು ದಿನ, ದಸರಾದವರೆಗೆ ಐದು ದಿನ, ಆಮೇಲೆ ದಿನಾ. ಬರೋ ಯುಗಾದಿ ಹೊತ್ತಿಗೆ ಉಳವಿಯಿಂದ ಶಿಕಾರಿಪುರಕ್ಕೆ, ಅಂದರೆ ನಮ್ಮ ಮನೆಗೆ, ಸೈಕಲ್ ಮೇಲೇ ಬರಬೇಕು. ಪ್ರತಿ ಅಮಾವಾಸ್ಯೆಗೆ ತೂಕ. ಅವತ್ತು ಮಂಡಿಯಲ್ಲಿ ವ್ಯಾಪಾರ ಕಡಿಮೆ, ತಕ್ಕಡಿ ಖಾಲಿ ಇರುತ್ತೆ. ತೂಕ ಆದಮೇಲೆ ನನಗೆ ಫೋನು. "ಅಕ್ಕ, ಈ ತಿಂಗಳು ಮುನ್ನೂರ ಮೂವತ್ತು ಕಿಲೋಮೀಟರು. ಎರಡು ದಿನ ತಪ್ಪಿತು. ಮುಂದಿನ ತಿಂಗಳು ಸೇರಿಸಿ ತುಳೀತೀನಿ." ಶಾಲೆ ಹುಡುಗ ಮೇಷ್ಟ್ರಿಗೆ ಒಪ್ಪಿಸಿದ ಹಂಗೆ ಒಪ್ಪಿಸೋನು.

ಮೊದಲ ತಿಂಗಳು ಕಾಲು ಊದಿಕೊಂಡು ಮೆಟ್ಟಿಲು ಹತ್ತಕ್ಕಾಗ್ತಿರಲಿಲ್ಲ ಅಂತ ಅವನ ಹೆಂಡತಿ ಮೇಘನಾ ಹೇಳಿದಳು. ದಾರಿಯಲ್ಲಿ ಗುರುತಿನವರು ಬೈಕು ನಿಲ್ಲಿಸಿ, "ಏನ್ ಮಾರಾಯ, ಪೆಟ್ರೋಲಿಗೆ ಕಾಸಿಲ್ವಾ?" ಅಂತ ಕೇಳೋರಂತೆ. ಇವನು ನಕ್ಕು ಸುಮ್ಮನೆ ತುಳಿಯೋನು. ಅಕ್ಕನಿಗೆ ಹಿಂಗಾಗಿದೆ ಅಂತ ಒಬ್ಬರ ಹತ್ತಿರಾನೂ ಹೇಳಲಿಲ್ಲ.

ಈಗ ನನ್ನ ಪಾಪ ಹೇಳ್ತೀನಿ. ನನಗೆ ಅವನ ಕಿಡ್ನಿ ಬೇಕಿರಲಿಲ್ಲ. ಅವನಿಗೆ ಇಬ್ಬರು ಹೆಣ್ಣುಮಕ್ಕಳು, ದೊಡ್ಡದಕ್ಕೆ ಒಂಬತ್ತು, ಚಿಕ್ಕದಕ್ಕೆ ಐದು. ನಾನು ಎತ್ತಿ ಆಡಿಸಿದ ಮೈಯನ್ನ ಕೊಯ್ದು ಒಂದು ತುಂಡು ನನಗೆ ಹಾಕ್ತಾರೆ ಅಂದರೆ ಹೆಂಗೆ ಒಪ್ಪಲಿ? ಬೇಡ ಅಂದೆ, ಬೈದೆ, ಮೂರು ವಾರ ಮಾತು ಬಿಟ್ಟೆ. ಅವನು ಜಗ್ಗಲಿಲ್ಲ. ಆಗ ನನಗೆ ಬೇರೆ ದಾರಿ ಹೊಳೀತು. ಇವನು ಎಂಬತ್ತಕ್ಕೆ ಇಳೀದೇ ಇದ್ದರೆ ಆಯ್ತಲ್ಲ.

ನಮ್ಮ ಮನೆತನದಲ್ಲಿ ಅಜ್ಜಿ ಕಾಲದಿಂದ ಒಂದು ಪದ್ಧತಿ ಇದೆ. ತವರಿಂದ ಬಂದ ಅಣ್ಣತಮ್ಮ ಹೆಣ್ಣುಮಗಳ ಮನೆಯಲ್ಲಿ ಎಲೆ ಮುಂದೆ ಕೂತು ಬೇಡ ಅನ್ನಬಾರದು. ಬೇಡ ಅಂದರೆ ತವರಿನ ಋಣ ಕಡಿದ ಹಂಗೆ. ಮಾಲತೇಶ ಎರಡು ವಾರಕ್ಕೊಂದು ಭಾನುವಾರ ಬಸ್ಸು ಹಿಡಿದು ನನ್ನ ನೋಡೋಕೆ ಬರೋನು. ನಾನು ಆ ಪದ್ಧತೀನ ಹಿಡ್ಕೊಂಡೆ. ಹೋಳಿಗೆ ಮಾಡಿ ಮೇಲೆ ತುಪ್ಪ ಸುರೀತಿದ್ದೆ. ಅನ್ನದ ಮೇಲೆ ಅನ್ನ, ಹಪ್ಪಳ, ಕರಿದ ಸಂಡಿಗೆ, ಗಟ್ಟಿ ಮೊಸರು. ಅದರಲ್ಲಿ ಅರ್ಧಕ್ಕರ್ಧ ನಾನು ಮುಟ್ಟೋ ಹಂಗಿಲ್ಲ. ಹೊರಡುವಾಗ ಡಬ್ಬಿ ತುಂಬ ಚಕ್ಕುಲಿ, ಕೊಬ್ಬರಿ ಮಿಠಾಯಿ. "ಮಕ್ಕಳಿಗೆ ಕೊಡಬೇಡ, ನಿನಗೇ ಕಟ್ಟಿದ್ದು" ಅಂತ ಬೇರೆ ಹೇಳ್ತಿದ್ದೆ. ಅವನು ಎಲೆಯಲ್ಲಿ ಒಂದು ಅಗುಳು ಬಿಡದಂಗೆ ಉಂಡು, ಕೈ ತೊಳೆದು, ನನ್ನ ಕಾಲು ಊದಿದೆಯಾ ಅಂತ ಬೆರಳಲ್ಲಿ ಒತ್ತಿ ನೋಡಿ ಹೋಗೋನು.

ಆದರೂ ಅಮಾವಾಸ್ಯೆ ಅಮಾವಾಸ್ಯೆಗೆ ತೂಕ ಇಳೀತಾನೇ ಇತ್ತು. ದಸರಾ ಕಳೆದ ಮೇಲೆ ಡಾಕ್ಟರು ನಡುವೆ ಒಂದು ಸಲ ನೋಡ್ತೀನಿ ಅಂದರು. ಮಂಡಿ ತಕ್ಕಡಿಯಲ್ಲಿ ಎಂಬತ್ತೈದು ಇದ್ದವನು ಆಸ್ಪತ್ರೆಯಲ್ಲಿ ಎಂಬತ್ತೇಳು ಬಂದ. ಮಾಲತೇಶನ ಮುಖ ಬಾಡಿಹೋಯ್ತು. ಮಂಡಿಗೆ ಹೋಗಿ ತೂಗೋ ಹುಲಿಯಪ್ಪನನ್ನ ಕೇಳಿದ. ಹುಲಿಯಪ್ಪ ನಲವತ್ತು ವರ್ಷದಿಂದ ಮೂಟೆ ತೂಗಿದ ಮುದುಕ. ಮುಳ್ಳು ನೋಡೋನು ಅವನೊಬ್ಬನೇ, ಬಾಯಲ್ಲಿ ಕೂಗೋನೂ ಅವನೇ. ತಲೆ ಕೆರೆದುಕೊಂಡು ಹೇಳಿದನಂತೆ. "ಅಯ್ಯೋ ಗುಮಾಸ್ತರೇ, ಅಡಿಕೆ ಮೂಟೆಗೆ ಕಳೆಯೋ ಹಂಗೆ ಚೀಲದ್ದೊಂದು ಕಿಲೋ, ತೇವದ್ದೊಂದು ಕಿಲೋ ವಜಾ ಮಾಡೇ ಹೇಳಿದ್ದೀನಿ. ಕೈ ಹಂಗೇ ಪಳಗಿಬಿಟ್ಟಿದೆ ನೋಡ್ರಿ." ವರ್ಷಾನುಗಟ್ಟಲೆ ಅದೇ ಲೆಕ್ಕ ಬರೆದ ಗುಮಾಸ್ತನಿಗೂ ಅದು ಹೊಳೀದೇ ಹೋಯ್ತು. ಮಂಡಿಯಲ್ಲಿ ಎಲ್ಲರೂ ಹೊಟ್ಟೆ ಹಿಡ್ಕೊಂಡು ನಕ್ಕರಂತೆ. ಮಾಲತೇಶ ಕ್ಯಾಲೆಂಡರಿನಲ್ಲಿ ಆರು ತಿಂಗಳ ತೂಕ ಹೊಡೆದುಹಾಕಿ, ಪ್ರತಿಯೊಂದಕ್ಕೂ ಎರಡೆರಡು ಸೇರಿಸಿ ಮತ್ತೆ ಬರೆದ. ನನಗೆ ಫೋನು ಮಾಡಿದಾಗ ಅವನ ದನಿ ಸಣ್ಣಗಾಗಿತ್ತು. ನಾನು ಒಳಗೊಳಗೇ ಖುಷಿಪಟ್ಟೆ. ಅದನ್ನ ಹೇಳುವಾಗ ನನಗೆ ನಾಚಿಕೆಯಾಗ್ತಿದೆ, ಆದರೂ ಹೇಳ್ತಿದ್ದೀನಿ.

ಸಂಕ್ರಾಂತಿಗೆ ಉಳವಿಗೆ ಹೋಗಿದ್ದೆ. ಮಾಲತೇಶ ಮಂಡಿಯಲ್ಲಿದ್ದ. ಗೋಡೆ ಮೇಲೆ ಆ ಕ್ಯಾಲೆಂಡರ್ ನೋಡಿದೆ. ದಿನಾ ದಿನಾ ಮೂವತ್ತು, ಮೂವತ್ತು ಅಂತ ನೀಲಿ ಶಾಯಿಯಲ್ಲಿ ಬರೆದಿತ್ತು. ಎರಡು ವಾರಕ್ಕೊಂದು ಸೋಮವಾರ ಮಾತ್ರ ಅರವತ್ತು, ಪಕ್ಕದಲ್ಲಿ ಸಣ್ಣಕ್ಷರದಲ್ಲಿ 'ಅಕ್ಕ'. ಇದೇನೇ ಅಂತ ಮೇಘನಾನ ಕೇಳಿದೆ.

ಅವಳು ಒಲೆ ಮುಂದಿಂದ ಏಳಲಿಲ್ಲ. "ಅದು ನಿಮ್ಮ ಮನೆ ಊಟದ್ದು ಅತ್ತಿಗೆ" ಅಂದಳು. "ನಿಮ್ಮಲ್ಲಿಗೆ ಬಂದು ಹೋದ ಮಾರನೇ ದಿನ ಕತ್ತಲಿರುವಾಗಲೇ ಎದ್ದು ಸೊರಬಕ್ಕೆ ಒಂದು ಸಲ ಹೋಗಿ ಬರ್ತಾರೆ. ಆಮೇಲೆ ಕೆಲಸಕ್ಕೆ ಅಂತ ಮತ್ತೊಂದು ಸಲ. ಡಬ್ಬಿ ತಿಂಡಿ ಮಂಡಿ ಹಮಾಲರಿಗೆ ಹಂಚ್ತಾರೆ."

"ನೀನಾದರೂ ನನಗೆ ಹೇಳಬಾರದಿತ್ತೇನೇ?"

"ಏನು ಹೇಳಲಿ ಅತ್ತಿಗೆ? ನೀವು ಬೇಕಂತಲೇ ಬಡಿಸ್ತೀರಿ ಅಂತ ಅವರಿಗೆ ಮೊದಲನೇ ಸಲವೇ ಗೊತ್ತಾಯ್ತು. ನನಗೂ ಗೊತ್ತಾಯ್ತು. ನನಗೂ ಹೆದರಿಕೆ ಇದೆ. ನೀವು ಗೆದ್ದರೆ ಸಾಕು ಅಂತ ಎಷ್ಟು ದಿನ ಅಂದ್ಕೊಂಡಿದ್ದೀನಿ." ಹಂಗಂದು ಅತ್ತಳು. ನಾನೂ ಅತ್ತೆ.

ಆ ದಿನದಿಂದ ಹೋಳಿಗೆ ಮಾಡೋದು ಬಿಟ್ಟೆ. ಅವನು ಬಂದರೆ ರೊಟ್ಟಿ, ಪಲ್ಯ, ಮಜ್ಜಿಗೆ. ಯುಗಾದಿಗೆ ಇನ್ನೂ ಹತ್ತು ದಿನ ಇರುವಾಗ ದೊಡ್ಡಾಸ್ಪತ್ರೆಯವರು ಮತ್ತೆ ತೂಗಿದರು. ಎಪ್ಪತ್ತೊಂಬತ್ತೂವರೆ. ಬಿಪಿ ಸರಿಯಿತ್ತು. ಉಳಿದ ಪರೀಕ್ಷೆಗಳೂ ಸರಿ ಬಂದವು. ನಾನು ಒಪ್ಪಿಗೆ ಕಾಗದಕ್ಕೆ ರುಜು ಹಾಕಿದರೆ ತಾರೀಖು ಕೊಡ್ತೀವಿ ಅಂದರು. ನಾನು ಆ ಕಾಗದ ಮನೆಗೆ ತಂದು ದಿಂಬಿನ ಕೆಳಗೆ ಇಟ್ಟೆ. ಒಂದು ವಾರ ಮುಟ್ಟಲಿಲ್ಲ. ಯಜಮಾನರು ಕೇಳಿದರೆ ಮೈಮೇಲೆ ಹೋದೆ.

ಯುಗಾದಿಗೆ ಮುಂಚಿನ ಭಾನುವಾರ ಬೆಳಗ್ಗೆ ಒಂಬತ್ತೂವರೆಗೆ ಬಾಗಿಲಲ್ಲಿ ಸೈಕಲ್ ಬೆಲ್ಲಿನ ಸದ್ದಾಯ್ತು. ಮಾಲತೇಶ. ಉಳವಿಯಿಂದ ನಸುಕಲ್ಲಿ ಹೊರಟು, ಸೊರಬ, ಶಿರಾಳಕೊಪ್ಪ ದಾಟಿ ತುಳಿದುಕೊಂಡೇ ಬಂದಿದ್ದ. ಅಂಗಿಯೆಲ್ಲ ಬೆವರಿಗೆ ಅಂಟಿಕೊಂಡಿತ್ತು. ಕೆನ್ನೆ ಒಳಗೆ ಹೋಗಿ ಅಪ್ಪನ ಮುಖವೇ ಬಂದಿತ್ತು ಅವನಿಗೆ. ವರ್ಷದ ಕೊನೇ ಗುರಿ ಅದು. ಸೈಕಲ್ ಗೋಡೆಗೆ ಒರಗಿಸಿ, ಕೈಕಾಲು ತೊಳೆದು ಬಂದು ನನ್ನ ಮುಂದೆ ನೆಲದ ಮೇಲೆ ಕೂತ.

"ಕಾಗದ ಎಲ್ಲಕ್ಕ?" ಅಂದ.

"ನನಗೆ ನಿನ್ನ ಕಿಡ್ನಿ ಬೇಡ ಕಣೋ" ಅಂದೆ. "ಬೇಡ ಅಂದರೆ ಬೇಡ. ನಿನ್ನ ಮಕ್ಕಳ ಮುಖ ನೋಡೋ. ಹೆಚ್ಚುಕಮ್ಮಿ ಆದರೆ ನಾನು ಯಾವ ಮುಖ ಹೊತ್ತು ಬದುಕಲಿ?"

"ಹೆಚ್ಚುಕಮ್ಮಿ ಆಗಲ್ಲ ಅಂತ ಡಾಕ್ಟರು ಆಣೆ ಮಾಡಿ ಹೇಳಲ್ಲ, ನನಗೂ ಗೊತ್ತು" ಅಂದ ಅವನು. "ನನಗೂ ಹೆದರಿಕೆ ಆಗುತ್ತಕ್ಕ. ಸೈಕಲ್ ಮೇಲೆ ದಿನಾ ಅದೇ ಯೋಚನೆ."

"ಮತ್ತೆ ಯಾಕೆ ಹಿಂಗೆ ಹಟ? ನಾನು ಬೇಕಂತಲೇ ತಿನ್ನಿಸ್ತಿದ್ದೆ ಅಂತ ಗೊತ್ತಿತ್ತಲ್ಲ ನಿನಗೆ. ಗೊತ್ತಿದ್ದೂ ಯಾಕೆ ಉಂಡೆ? ಒಂದು ಸಲ ಸಾಕಕ್ಕ ಅನ್ನೋಕೆ ನಿನಗೆ ಬಾಯಿರಲಿಲ್ವಾ?"

ಅವನು ಹೇಳಿದ, ಜೋರಾಗಿ ಅಲ್ಲ, ಎಂದಿನ ದನಿಯಲ್ಲೇ.

"ಮೂರು ವರ್ಷದವನಿದ್ದಾಗಿಂದ ನೀನು ಕೊಟ್ಟಿದ್ದನ್ನ ನಾನು ಒಂದು ಸಲಾನೂ ಬೇಡ ಅಂದಿಲ್ಲಕ್ಕ. ಈ ವರ್ಷವೂ ಅನ್ನಲಿಲ್ಲ. ನಾನು ನಿನಗೆ ಕೊಡ್ತಿರೋದು ಇದೊಂದೇ. ಇದನ್ನ ಬೇಡ ಅಂತೀಯಾ?"

ನಾನು ಎದ್ದು ಒಳಗೆ ಹೋದೆ. ದಿಂಬಿನ ಕೆಳಗಿಂದ ಕಾಗದ ತಂದೆ. ಪೆನ್ನು ಅವನ ಜೇಬಿನಲ್ಲೇ ಇತ್ತು.