ತಾಟಿನಲ್ಲಿ ಬಡಿಸಿದ ಸುಳ್ಳು

ಮೂಡಲಗಿಯ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಲಕ್ಷ್ಮೀಬಾಯಿ, ಸಾಯಿರಾಬಿ ಇಬ್ಬರೂ ಇಪ್ಪತ್ತಾರು ವರ್ಷದಿಂದ ಒಂದೇ ಅಂಗಡಿಯಲ್ಲಿ ಹೊಲಿಗೆ ಮಷೀನು ತುಳಿದವರು. ಸಾಲಿ ಹುಡುಗರ ಯುನಿಫಾರ್ಮು, ಮದುವೆಯ ಜಂಪರು, ಎಲ್ಲಾ ಅವರ ಕೈಯಿಂದಲೇ ಆಗಬೇಕು. ಲಕ್ಷ್ಮೀಬಾಯಿ ಜೈನರ ಮನೆತನದವಳು, ವಯಸ್ಸು ಐವತ್ತೆಂಟು. ಮಾಂಸ, ಮೀನು, ತತ್ತಿ ಹುಟ್ಟಿದಾಗಿನಿಂದಲೇ ಇಲ್ಲ. ಹಾಲು ಬಿಟ್ಟದ್ದು ಮಾತ್ರ ಒಂಬತ್ತು ವರ್ಷದ ಹಿಂದೆ.

ನಾಗನೂರಿನಲ್ಲಿ ತಂಗಿ ಸುಜಾತಾಳ ಮನೆಗೆ ಹೋದಾಗ ಅವರ ಎಮ್ಮೆಯ ಕರು ಸತ್ತಿತ್ತು. ಹಾಲು ಹಿಂಡುವವನು ಅದರ ಚರ್ಮ ಸುಲಿಸಿ, ಒಳಗೆ ಹುಲ್ಲು ತುಂಬಿ, ಎಮ್ಮೆಯ ಮುಂದೆ ತಂದು ನಿಲ್ಲಿಸಿದ್ದ. ಎಮ್ಮೆ ಅದನ್ನು ನೆಕ್ಕುತ್ತ ನೆಕ್ಕುತ್ತ ಹಾಲು ಇಳಿಸಿತು. ಲಕ್ಷ್ಮೀಬಾಯಿ ಕೈಯಲ್ಲಿದ್ದ ಚಹಾದ ಕಪ್ಪನ್ನು ಅಲ್ಲೇ ಕಟ್ಟೆಯ ಮೇಲಿಟ್ಟಳು. ಅಂದಿನಿಂದ ಹಾಲಿಲ್ಲ, ಮೊಸರಿಲ್ಲ, ತುಪ್ಪವಿಲ್ಲ. ‘ನಮ್ಮ ಧರ್ಮದಾಗೇ ಇಲ್ಲದ್ದು ಈಕಿಗ್ಯಾಕ ಬೇಕಿತ್ತು’ ಎಂದು ಬೀಗರೆಲ್ಲ ನಕ್ಕರು. ನಗಲಿ ಎಂದು ಬಿಟ್ಟಳು.

ಕಳೆದ ವರ್ಷ ಗೆಳತಿಯರಿಬ್ಬರಿಗೂ ಒಮ್ಮೆಯಾದರೂ ಪರದೇಶ ನೋಡಬೇಕೆಂಬ ಆಸೆ ಹುಟ್ಟಿತು. ಗೋಕಾಕದಲ್ಲಿ ಅರಿಹಂತ ಎಂಬ ಹುಕ್ಕೇರಿಯ ಜೈನರ ಹುಡುಗ ಟೂರಿನ ಆಫೀಸು ಇಟ್ಟಿದ್ದ. ಅಗ್ಗದ ದರದಲ್ಲಿ ವಿಯೆಟ್ನಾಮ್, ಶುದ್ಧ ಜೈನ ಊಟ ಎಂದು ಅವನ ಪಾಂಪ್ಲೆಟಿನಲ್ಲಿ ದಪ್ಪಕ್ಷರದಲ್ಲಿ ಅಚ್ಚಾಗಿತ್ತು.

“ಹಾಲು, ತುಪ್ಪಾನೂ ಇಲ್ಲದ್ದು ಸಿಗತೈತೇನಪಾ?” ಎಂದು ಲಕ್ಷ್ಮೀಬಾಯಿ ಎರಡೆರಡು ಸಲ ಕೇಳಿದಳು.

“ಅದಕ್ಕ ಈಗ ವೇಗನ್ ಅಂತಾರ್ರಿ ಮಾವಶಿ. ಎಲ್ಲಾ ವ್ಯವಸ್ಥಾ ಐತಿ. ಖಡಕ್ ರೊಟ್ಟಿ ಗಂಟು ಮಾತ್ರ ಕಟಗೊಂಡು ಬರಬ್ಯಾಡ್ರಿ, ಮಂದ್ಯಾಗ ನಮ್ಮ ಮರ್ಯಾದಿ ಹೋಗತೈತಿ.”

ನಮ್ಮವನೇ ಹೇಳುತ್ತಿದ್ದಾನಲ್ಲ ಎಂದು ನಂಬಿದಳು. ಬಡಿದಿಟ್ಟ ರೊಟ್ಟಿಯನ್ನು ಬಾಜೂ ಮನೆಗೆ ಕೊಟ್ಟು ವಿಮಾನ ಹತ್ತಿದಳು.

ಹನೋಯ್ ಊರಲ್ಲಿ ಮೊದಲ ದಿನ ಒಂದು ಇಂಡಿಯನ್ ಹೋಟೆಲಿಗೆ ಕರೆದೊಯ್ದರು. ಪನೀರು, ತುಪ್ಪದ ಒಗ್ಗರಣೆಯ ದಾಲು, ಬೆಣ್ಣೆ ಸವರಿದ ರೊಟ್ಟಿ. ಲಕ್ಷ್ಮೀಬಾಯಿ ಬಿಳಿ ಅನ್ನಕ್ಕೆ ಉಪ್ಪು ಕಲಸಿ, ಸೌತೆಕಾಯಿ ಕಚ್ಚಿ ಎದ್ದಳು. ಎರಡನೆಯ ದಿನವೂ ಅದೇ. ರಾತ್ರಿಯ ಊಟ ಅವಳಿಗೆ ಇಲ್ಲವೇ ಇಲ್ಲ, ಹೊತ್ತು ಮುಳುಗಿದ ಮೇಲೆ ಅವಳು ಉಣ್ಣುವವಳಲ್ಲ. ಅದನ್ನೂ ಮೊದಲೇ ಹೇಳಿದ್ದಳು. “ನಾಳೆ ನೋಡೋಣ್ರಿ ಮಾವಶಿ” ಎಂದು ಅರಿಹಂತ ಎರಡೂ ದಿನ ಹೇಳಿದ.

ಮೂರನೆಯ ದಿನ ಸಮುದ್ರದ ನಡುವೆ ಎದ್ದು ನಿಂತ ಕಲ್ಲುಗುಡ್ಡಗಳನ್ನು ನೋಡಲು ಹಡಗು ಹತ್ತಿಸಿದರು. ಮಧ್ಯಾಹ್ನ ಅವಳ ಮುಂದೆ ಹಸಿರು ತಪ್ಪಲಿನ ಪಲ್ಯ ಬಂತು.

“ಬರೇ ತಪ್ಪಲ, ಎಣ್ಣಿ, ಉಪ್ಪು ರಿ. ನಿಮ್ಮ ಸಲುವಾಗಿನ ಮಾಡಿಸೇನಿ” ಎಂದ ಅರಿಹಂತ.

ಎರಡು ದಿನದ ಹಸಿವು. ಅವಸರವಸರವಾಗಿ ತಿಂದಳು, ಮತ್ತೊಮ್ಮೆ ಬಡಿಸಿಕೊಂಡಳು. ಬಾಜೂ ಕುಳಿತ ಸಾಯಿರಾಬಿ ಅದೇ ಪಲ್ಯದ ಒಂದು ತುತ್ತು ಬಾಯಿಗಿಟ್ಟವಳೇ ಗೆಳತಿಯ ಕೈ ಹಿಡಿದಳು. “ಅಕ್ಕಾ, ತಿನಬ್ಯಾಡ. ಇದರಾಗ ಮೀನದ ವಾಸನಿ ಐತಿ.”

“ಛೇ, ಇಲ್ರಿ” ಎಂದು ಅರಿಹಂತ ನಕ್ಕ.

ಸಾಯಿರಾಬಿ ಎದ್ದು ಅಡುಗೆಮನೆಗೆ ಹೋಗಿ ಮೊಬೈಲಿನಲ್ಲಿ ಅವರ ಭಾಷೆಗೆ ತಿರುಗಿಸಿ ಕೇಳಿದಳು. ಅಡುಗೆಯವಳು ಮುಚ್ಚುಮರೆಯಿಲ್ಲದೆ ಒಂದು ಬಾಟಲಿ ತಂದು ತೋರಿಸಿದಳು. ಅದರ ಮೇಲೆ ಮೀನಿನ ಚಿತ್ರವಿತ್ತು, ಒಳಗೆ ಮೀನು ಕೊಳೆಸಿ ಇಳಿಸಿದ ರಸ. ಲಕ್ಷ್ಮೀಬಾಯಿ ಏನು ತಿನ್ನುವವಳೆಂದು ತಿಳಿದ ಕೂಡಲೇ ಆ ಹೆಂಗಸು ಕೈಮುಗಿದು ನಿಂತಳು. ತನಗೆ ಯಾರೂ ಹೇಳಿರಲಿಲ್ಲ ಎಂದಳು.

“ನಿನಗ ಗೊತ್ತಿತ್ತೇನು?” ಲಕ್ಷ್ಮೀಬಾಯಿ ಅರಿಹಂತನನ್ನು ಕೇಳಿದಳು.

“ಒಂದ ಹನಿ ಇರತೈತ್ರಿ. ಹೇಳಿದ್ರ ನೀವು ಉಪವಾಸ ಬೀಳತಿದ್ರಿ. ನಿಮ್ಮ ಛಲೋದಕ್ಕ...”

“ನನ್ನ ಛಲೋದಕ್ಕ? ಉಪವಾಸ ನನಗೇನು ಹೊಸದೇನೋ? ನಮ್ಮ ಜೈನರ ಪರ್ವದಾಗ ಹತ್ತು ದಿನ ಒಪ್ಪತ್ತು ಮಾಡಿದಾಕಿ ನಾ. ಇಲ್ಲ ಅಂತ ಹೇಳಿದ್ದರ ನೀರು ಕುಡದು ಸುಮ್ಮನ ಕುಂದರತಿದ್ದೆ. ನನ್ನ ಬಾಯಾಗ ಏನು ಹೋಗಬೇಕಂತ ಠರಾವ್ ಮಾಡಾಕ ನೀ ಯಾರು?”

ಜೊತೆಗೆ ಬಂದವರು “ಹೋಗ್ಲಿ ಬಿಡ್ರಿ, ಗೊತ್ತಿಲ್ದ ತಿಂದ್ರ ಪಾಪ ಇಲ್ಲ. ಪರದೇಶದಾಗ ಅಡ್ಜಸ್ಟ್ ಮಾಡ್ಕೋಬೇಕು” ಎಂದು ಸಮಾಧಾನಕ್ಕೆ ಬಂದರು. ಅದರಿಂದ ಅವಳ ಮೈ ಇನ್ನಷ್ಟು ಉರಿಯಿತು. ಹಡಗಿನ ಹಿಂಬದಿಗೆ ಹೋಗಿ ಬಾಯಿ ತೊಳೆದಳು, ಮತ್ತೆ ತೊಳೆದಳು. ಅಷ್ಟು ದೂರ ಬಂದು ನೋಡಬೇಕೆಂದಿದ್ದ ಗುಡ್ಡಗಳ ಕಡೆಗೆ ತಲೆ ಎತ್ತಲೂ ಇಲ್ಲ.

ಮರುದಿನ ಬೆಳಿಗ್ಗೆ ಅವಳು ಟೂರಿನ ಬಸ್ ಹತ್ತಲಿಲ್ಲ. ಸಾಯಿರಾಬಿಯೂ ಹತ್ತಲಿಲ್ಲ. ಇಬ್ಬರೂ ಹನೋಯ್ ಊರಲ್ಲಿ ಇಳಿದುಕೊಂಡಿದ್ದ ಹೋಟೆಲಿನ ಹಿಂದೆ ಕಾಲು ಒಯ್ದ ಕಡೆಗೆ ನಡೆದರು. ಎರಡು ಓಣಿ ದಾಟಿದ ಮೇಲೆ ಒಂದು ಹಳದಿ ಬೋರ್ಡು ಕಂಡಿತು. ಸಾಯಿರಾಬಿ ಅಕ್ಷರ ಕೂಡಿಸಿ ಓದಿದಳು. “ಸಿ, ಎಚ್, ಎ, ವೈ. ಚಾಯ್! ಅಕ್ಕಾ, ಚಾದಂಗಡಿ ಐತಿ. ಹಾಲ ಹಾಕದ ಕರೇ ಚಾ ಕೇಳೂಣು ಬಾ.”

ಒಳಗೆ ಚಹಾ ಇರಲಿಲ್ಲ. ಬುದ್ಧನ ಫೋಟೊ, ಅದರ ಮುಂದೆ ತಾವರೆ ಹೂವು, ಸಾಲಾಗಿ ಕುಂಬಳಕಾಯಿ, ಹಲಸಿನಕಾಯಿ, ಸೋಯಾದ ಪಲ್ಯಗಳು. ಬೂದುಬಣ್ಣದ ಅಂಗಿಯ ಮುದುಕಿಯೊಬ್ಬಳು ಮೊಬೈಲಿನಲ್ಲೇ ತಿಳಿಸಿ ಹೇಳಿದಳು: ಅವರ ಭಾಷೆಯಲ್ಲಿ ಚಾಯ್ ಎಂದರೆ ಮಾಂಸ, ಮೀನು ಇಲ್ಲದ ಊಟ. ಸಾಯಿರಾಬಿ ತತ್ತಿಯ ಚಿತ್ರ ತೋರಿಸಿದಳು, ಮುದುಕಿ ಇಲ್ಲವೆಂದು ಕೈ ಅಲ್ಲಾಡಿಸಿದಳು. ಆಕಳ ಚಿತ್ರ ತೋರಿಸಿದಳು, ಅದಕ್ಕೂ ಕೈ ಅಲ್ಲಾಡಿಸಿದಳು.

ಲಕ್ಷ್ಮೀಬಾಯಿಗೆ ನಂಬಿಕೆ ಬರಲಿಲ್ಲ. ನೆಟ್ಟಗೆ ಅಡುಗೆಮನೆಗೆ ಹೊಕ್ಕು ಒಂದೊಂದೇ ಬಾಟಲಿ ಮೂಸತೊಡಗಿದಳು. ಮುದುಕಿ ಬೇಸರಪಟ್ಟುಕೊಳ್ಳಲಿಲ್ಲ. ತಾನೇ ಮುಂದೆ ಬಂದು ಎಲ್ಲಾ ಮುಚ್ಚಳ ತೆಗೆದು ತೋರಿಸಿದಳು.

ಇಬ್ಬರೂ ಹೊಟ್ಟೆ ತುಂಬ ಉಂಡರು. ಬಿಲ್ಲು ಗೋಕಾಕದ ಖಾನಾವಳಿಗಿಂತ ಹೆಚ್ಚೇನೂ ಆಗಲಿಲ್ಲ. ಹಲಾಲ್ ಮಾಂಸ ಸಿಗದೆ ಮೂರು ದಿನದಿಂದ ಅನ್ನ, ದಾಲಿನಲ್ಲೇ ಹೊತ್ತು ಕಳೆದಿದ್ದ ಸಾಯಿರಾಬಿ ಮೂರು ತಾಟು ಬಡಿಸಿಕೊಂಡಳು. ಆದರೆ ಹೊಟ್ಟೆ ತಣ್ಣಗಾದಂತೆ ಲಕ್ಷ್ಮೀಬಾಯಿಯ ಸಿಟ್ಟು ಏರಿತು. “ನಾವು ಇಳದ ಹೋಟೆಲಿಗೆ ಅಂವ ಏಳು ಸಲ ಮಂದಿ ಕರಕೊಂಡು ಬಂದಾನಂತ. ಏಳು ಸಲ! ಎರಡು ಓಣಿ ದಾಟಿ ಒಬ್ಬರನ್ನ ಕೇಳಿಲ್ಲ ನೋಡ ಸಾಯಿರಾ.”

ಉಳಿದ ದಿನ ಅಲ್ಲೇ ಉಂಡು, ಊರಿಗೆ ಬಂದ ವಾರಕ್ಕೆ ಇಬ್ಬರೂ ಗೋಕಾಕದ ಆಫೀಸಿಗೆ ಹೋದರು. ಅರಿಹಂತ ಎದ್ದು ಖುರ್ಚಿ ಕೊಟ್ಟ. ಮುಂದಿನ ಸಲ ಶಿಖರಜಿ ಯಾತ್ರೆಗೆ ಬಿಟ್ಟಿಯಾಗಿ ಕರೆದೊಯ್ಯುತ್ತೇನೆ ಎಂದ.

“ನಾ ಬಿಟ್ಟಿ ಯಾತ್ರಾ ಕೇಳಾಕ ಬಂದಿಲ್ಲ. ಇಲ್ಲಿ ಕುಂತಾರಲ್ಲ, ಇವರ ಮುಂದ ಹೇಳು, ನನಗ ಏನು ತಿನಿಸಿದಿ ಅಂತ.”

ಮುಂದಿನ ಟೂರಿಗೆ ಹೆಸರು ಬರೆಸಲು ಬಂದ ಆರೇಳು ಮಂದಿ ಮುಖ ಮುಖ ನೋಡಿಕೊಂಡರು. ಅರಿಹಂತ ಕಂಪ್ಯೂಟರಿನ ಕಡೆ ತಿರುಗಿದ. ಆಗ ಲಕ್ಷ್ಮೀಬಾಯಿಯೇ ನಿಂತು ಮೊದಲಿನಿಂದ ಕೊನೆಯವರೆಗೆ ಹೇಳಿದಳು. ನಾಲ್ವರು ಎದ್ದು ಹೋದರು, ಉಳಿದವರು ಹೆಸರು ಬರೆಸಿದರು. ತಿಂಗಳ ಮೇಲೆ ಹೊಸ ಪಾಂಪ್ಲೆಟು ಬಂತು. ಜೈನ ಊಟದ ಮುಂದೆ ಸಣ್ಣ ಅಕ್ಷರದಲ್ಲಿ ‘ಲಭ್ಯವಿದ್ದಲ್ಲಿ’ ಎಂದು ಸೇರಿಸಿದ್ದರು.

ಈಚೆಗೆ ಹುಕ್ಕೇರಿಯ ಒಂದು ಮದುವೆಯಲ್ಲಿ ಅರಿಹಂತ ಎದುರಾದ. ಹತ್ತು ಮಂದಿಯ ನಡುವೆ ಬಾಗಿ ಅವಳ ಕಾಲು ಮುಟ್ಟಲು ಬಂದ. ಲಕ್ಷ್ಮೀಬಾಯಿ ಎರಡು ಹೆಜ್ಜೆ ಹಿಂದೆ ಸರಿದಳು.

“ಮೊದಲ ತಪ್ಪಾತು ಅಂತ ಬಾಯಿಬಿಟ್ಟು ಹೇಳು. ಆಮ್ಯಾಲೆ ಕಾಲು ಮುಟ್ಟು.”

ಅವನು ಅರ್ಧ ಬಾಗಿದವನು ಹಾಗೆಯೇ ನಿಂತ. ಸುತ್ತಲಿದ್ದವರು “ಮದುವಿ ಮನ್ಯಾಗ ಯಾಕ್ರಿ ಇದೆಲ್ಲಾ” ಎಂದರು. ಅರಿಹಂತ ಅಂಗಿ ಸರಿಮಾಡಿಕೊಂಡು ಊಟದ ಪಂಕ್ತಿಯ ಕಡೆಗೆ ನಡೆದುಬಿಟ್ಟ.