ಸಿನಿಮಾದಲ್ಲಿ ನೇಮಣ್ಣನ ಕಾಲು

ನೇಮಣ್ಣನ ಬಲಗಾಲನ್ನು ಕೊಲ್ಹಾಪುರದಿಂದ ಬೆಳಗಾವಿಯವರೆಗೆ ಎಷ್ಟೋ ಊರುಗಳ ಜನ ನೋಡಿದ್ದಾರೆ, ನೋಡಿ ಕಣ್ಣೊರೆಸಿಕೊಂಡಿದ್ದಾರೆ. ಅವನ ಮುಖವನ್ನು ಅವರಲ್ಲಿ ಯಾರೂ ಕಂಡಿಲ್ಲ. ಕಾಲು ಸಿನಿಮಾದಲ್ಲಿತ್ತು. ಆ ಕಾಲಿಗೆ ಹಚ್ಚಿದ ಮುಖ ಬೇರೊಬ್ಬನದು.

ಹಾಗೆ ನೋಡಿದರೆ ಅವನಲ್ಲಿ ನೋಡಬೇಕಾದದ್ದು ಮುಖವೇ. ನೀಳ ಮೂಗು, ಎಣ್ಣೆ ಹಚ್ಚಿ ಹಿಂದಕ್ಕೆ ಬಾಚಿದ ಕೂದಲು, ಹಾಡುವಾಗ ಅರ್ಧ ಮುಚ್ಚುವ ಕಣ್ಣು. ತಾನು ಚೆಲುವ ಎಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಕೋಟಿನ ಕಿಸೆಯಲ್ಲಿ ಸಣ್ಣ ಕನ್ನಡಿ ಸದಾ ಇರುತ್ತಿತ್ತು. ಚಿಕ್ಕಂದಿನಲ್ಲಿ ಬಂದ ಜ್ವರ ಬಲ ಮೊಣಕಾಲಿನ ಕೆಳಗಿನದನ್ನೆಲ್ಲ ಜೋಳದ ದಂಟಿನ ಹಾಗೆ ಒಣಗಿಸಿ ಹೋಗಿತ್ತು. ಊರುಗೋಲನ್ನು ಕಂಕುಳಿಗೆ ಕೊಟ್ಟು, ಧೋತರದ ಚುಂಗನ್ನು ಆ ಕಾಲಿನ ಮೇಲೆ ಇಳಿಬಿಟ್ಟು ಅವನು ನಡೆದು ಬಂದರೆ, ಗೊತ್ತಿಲ್ಲದವರು ಕೋಲನ್ನು ಶೋಕಿಗೆ ಹಿಡಿದಿದ್ದಾನೆ ಅಂದುಕೊಳ್ಳಬೇಕು. ಹಾಗೆ ನಡೆಯಲು ಅವನಿಗೆ ಎಷ್ಟು ತ್ರಾಸಾಗುತ್ತಿತ್ತು ಎಂಬುದು ಅವನ ಅಂಗಿಯ ಬೆನ್ನು ನೋಡಿದರೆ ತಿಳಿಯುತ್ತಿತ್ತು. ಅದು ಯಾವಾಗಲೂ ಬೆವರಿನಿಂದ ಒದ್ದೆ.

ನನಗಿಂತ ಹತ್ತು ಹನ್ನೆರಡು ವರ್ಷ ದೊಡ್ಡವನು. ಮೊದಲ ದಿನ ನಾನು ಬಹುವಚನ ಹಚ್ಚಿ ಮಾತಾಡಿಸಿದಾಗ ತಡೆದು ಹೇಳಿದ: "ರೀ ಹಚ್ಚಬ್ಯಾಡೋ ತಮ್ಮಾ, ಭಾರ ಆಗತೈತಿ. ಮೊದಲಽ ಒಂದ ಕಾಲ ಮ್ಯಾಲ ನಿಂತೇನಿ."

ಆಗ ನಾನು ಕೊಲ್ಹಾಪುರದಲ್ಲಿ ಕಾಲೇಜು ಓದುತ್ತಿದ್ದೆ. ದತ್ತವಾಡದ ನಮ್ಮ ಮನೆಯಲ್ಲಿ ಅಜ್ಜನೂ ಅಪ್ಪನೂ ಹೆಬ್ಬೆಟ್ಟು ಒತ್ತಿದವರು. ಅಪ್ಪ ಕಬ್ಬಿಗೆ ನೀರು ಬಿಡುತ್ತ ಬಿಡುತ್ತ ನನ್ನನ್ನು ಓದಿಸಿದ. ಬಿ.ಎ. ಆಗಿಯೇ ತೀರಬೇಕೆಂಬ ಹಟ ನನಗಿತ್ತು. ಆ ಹಟ ಇಲ್ಲದಿದ್ದರೆ ಆಗುತ್ತಲೂ ಇರಲಿಲ್ಲ. ನಮ್ಮ ಸಮಾಜದವರು ವಿದ್ಯಾರ್ಥಿಗಳಿಗಾಗಿ ನಡೆಸುತ್ತಿದ್ದ ಬೋರ್ಡಿಂಗಿನಲ್ಲಿ ಜಾಗ ಸಿಗದೆ ಹಳೆಯ ವಾಡೆಯೊಂದರ ಹಿಂದಿನ ಖೋಲಿ ಹಿಡಿದಿದ್ದೆ. ಅದರ ಮುಂದಿನ ಪಡಸಾಲೆಯಲ್ಲಿ ಒಂದು ನಾಟಕ ಕಂಪನಿ ತಾಲೀಮು ನಡೆಸುತ್ತಿತ್ತು. ಕೊಲ್ಹಾಪುರದಲ್ಲಿ ಮರಾಠಿ ಆಟ, ಗಡಹಿಂಗ್ಲಜದ ಕಡೆ ಬಂದರೆ ಕನ್ನಡ ಆಟ ಆಡುತ್ತಿದ್ದ ಕಂಪನಿ ಅದು. ಇಚಲಕರಂಜಿಯ ನೇಮಣ್ಣ ಅದರ ಪೇಟಿ ಮಾಸ್ತರ. ಕಾಲಿನಿಂದ ತುಳಿದು ನುಡಿಸುವ ದೊಡ್ಡ ಹಾರ್ಮೋನಿಯಂ ಅವನ ಪಾಲಿಗಿತ್ತು. ಅದಕ್ಕೆ ಎರಡು ತುಳಿಹಲಗೆ, ಎರಡು ಕಾಲು ಬೇಕು. ನೇಮಣ್ಣ ಎರಡೂ ಹಲಗೆಗಳನ್ನು ಒಂದು ಚರ್ಮದ ಪಟ್ಟಿಯಿಂದ ಬಿಗಿದು ಎಡಗಾಲೊಂದರಿಂದಲೇ ತುಳಿಯುತ್ತಿದ್ದ. ಪೇಟಿ ಆಗಾಗ ಉಸಿರುಗಟ್ಟಿದಂತೆ ತಡೆಯುತ್ತಿತ್ತು. ಆ ತಡೆ ಬರುವ ಜಾಗವನ್ನು ಅವನು ಹಾಡಿನಿಂದ ತುಂಬುತ್ತಿದ್ದ. ಅದನ್ನೇ ಜನ ಅವನ ಶೈಲಿ ಎಂದು ಹೊಗಳುತ್ತಿದ್ದರು.

ಕಂಪನಿಗೆ ಅನ್ನ ಹಾಕುತ್ತಿದ್ದ ಆಟ ಒಬ್ಬ ಕುಂಟ ಹೂವಾಡಿಗನದು. ಊರವರಿಂದ ಹಂಗಿಸಿಕೊಂಡ ಹೂವಾಡಿಗ ದಿನವೂ ದೇವರಿಗೆ ಮಾಲೆ ಕಟ್ಟುತ್ತಾನೆ. ಕೊನೆಯ ಅಂಕದಲ್ಲಿ ದೇವರು ಪ್ರತ್ಯಕ್ಷನಾಗುತ್ತಾನೆ, ಹೂವಾಡಿಗ ಊರುಗೋಲು ಬಿಸಾಕಿ ಕುಣಿಯುತ್ತಾನೆ. ಆ ಪಾತ್ರ ಕಂಪನಿಯ ಮುಖ್ಯ ನಟ, ರಾಜಪಾರ್ಟಿನವನದು. ಒಳ್ಳೆಯ ಆಳು, ಒಳ್ಳೆಯ ಕಂಠ. ಕುಂಟುವುದನ್ನು ಕಲಿಯಲು ಅವನು ಬೆಳಿಗ್ಗೆ ನಳದ ಹತ್ತಿರ ನಿಂತು, ನೀರಿಗೆ ಬರುವ ನೇಮಣ್ಣನನ್ನು ನೋಡುತ್ತಿದ್ದ. ಆದರೆ ರಂಗದ ಮೇಲೆ ಬಾಯಿ ಸೊಟ್ಟ ಮಾಡುತ್ತಿದ್ದ, ಹೆಗಲು ಎತ್ತಿ ಹಾಕುತ್ತಿದ್ದ, ಹೆಜ್ಜೆಗೊಮ್ಮೆ ನರಳುತ್ತಿದ್ದ. ಜನ ಮೊದಲು ನಗುತ್ತಿದ್ದರು, ಆಮೇಲೆ ಅಳುತ್ತಿದ್ದರು.

"ಕುಂಟೋದು ಕಾಲಾಗ," ಎಂದು ನೇಮಣ್ಣ ಪೇಟಿ ಒರೆಸುತ್ತ ನನಗೆ ಹೇಳಿದ. "ಅಂವ ಮುಖದಾಗ ಕುಂಟತಾನ. ನಾ ದಿನಾ ಕುಂಟಬಾರದಂತ ನಡೀತೀನಿ, ಅಂವ ಕುಂಟಬೇಕಂತ ನಡೀತಾನ. ಅಲ್ಲೇ ಸುಳ್ಳ ಬೀಳತೈತಿ."

ಒಮ್ಮೆ ಆ ನಟನಿಗೆ ಗಂಟಲು ಕೆಟ್ಟಾಗ ನೇಮಣ್ಣ ಮಾಲಕರ ಹತ್ತಿರ ಹೋಗಿ ಪಾತ್ರ ಕೇಳಿದ. ಹಾಡು ಅವನವೇ, ಮಾತೆಲ್ಲ ಬಾಯಿಪಾಠ. ಮಾಲಕರು ಕೆಟ್ಟವರಲ್ಲ. ಎಲೆ ಅಡಿಕೆ ಮುಂದಿಟ್ಟು ಕೂಡಿಸಿ ಹೇಳಿದರಂತೆ: ಕುಂಟ ಕುಂಟಿದರೆ ಅದರಾಗ ನಟನಾ ಏನ ಬಂತು, ನೇಮಣ್ಣ? ಮತ್ತು ಕಡೀಕ ಕುಣಿಯಾಂವ ಯಾರು? ನೇಮಣ್ಣ ಎಲೆ ಹಾಕಿಕೊಂಡು ತಿರುಗಿ ಬಂದ. ಆ ದಿನದ ಆಟವನ್ನೇ ರದ್ದು ಮಾಡಿದರು.

ಅವನಿಗೆ ಬೇಕಾಗಿದ್ದು ದೊಡ್ಡದೇನೂ ಅಲ್ಲ. ತನ್ನ ಮುಖ, ತನ್ನ ಕಾಲು ಎರಡನ್ನೂ ಜನ ಒಟ್ಟಿಗೆ ಒಂದು ಸಲ ನೋಡಬೇಕು. ಪೇಟಿಯ ಹಿಂದೆ ಕೂತರೆ ಮುಖ ಮಾತ್ರ ಕಾಣುತ್ತದೆ, ಬೀದಿಯಲ್ಲಿ ನಡೆದರೆ ಕಾಲು ಮಾತ್ರ ಎಂದು ಅವನೇ ಅನ್ನುತ್ತಿದ್ದ.

ಅದೇ ನಾಟಕವನ್ನು ಸ್ಟುಡಿಯೋದವರು ಬೋಲಪಟ, ಅಂದರೆ ಮಾತಾಡುವ ಸಿನಿಮಾ, ಮಾಡಲು ಹೊರಟರು. ರಾಜಪಾರ್ಟಿನ ನಟ ಕಂಪನಿ ಬಿಟ್ಟು ಅಲ್ಲಿಗೆ ಹೋದ. ಹೋದ ಕೆಲವು ದಿನಕ್ಕೆ ನೇಮಣ್ಣನಿಗೆ ಕರೆ ಬಂತು. ನೇಮಣ್ಣ ನನ್ನ ಕಡೆಯಿಂದ ಕೋಟಿಗೆ ಇಸ್ತ್ರಿ ಮಾಡಿಸಿದ, ಕ್ಷೌರ ಮಾಡಿಸಿಕೊಂಡ, ಜರಿ ಟೊಪ್ಪಿಗೆಯನ್ನು ಯಾರಿಂದಲೋ ಎರವಲು ತಂದ. ಸಂಜೆ ತಿರುಗಿ ಬಂದವನ ಕಾಲಿಗೆ ಕೆಸರು ಮೆತ್ತಿತ್ತು. ಟೊಪ್ಪಿಗೆ ಮಾತ್ರ ಹೋದ ಹಾಗೆಯೇ ಇತ್ತು. ಅವನನ್ನು ಒಂದು ಕಲ್ಲಿನ ಮೇಲೆ ಕೂಡಿಸಿ, ಧೋತರ ಮೇಲೆತ್ತಿಸಿ, ಕಾಲಿಗೆ ಕೆಸರು ಬಳಿದು, ಕ್ಯಾಮೆರಾವನ್ನು ನೆಲದ ಮಟ್ಟಕ್ಕೆ ಇಳಿಸಿ ಕಾಲನ್ನಷ್ಟೇ ತೆಗೆದಿದ್ದರು. ಕಾಲು ಅಲುಗುವುದು ಕಡಿಮೆಯಾಯಿತೆಂದು ಮತ್ತೆ ಮತ್ತೆ ತೆಗೆದರಂತೆ.

"ಮೊಣಕಾಲ ಮ್ಯಾಲ ಮನಿಶಾ ಅದಾನೋ ಇಲ್ಲೋ ಅಂತ ಯಾರೂ ನೋಡಲಿಲ್ಲಪಾ," ಎಂದ. ಟೊಪ್ಪಿಗೆ ತೆಗೆದು ಗೂಟಕ್ಕೆ ಹಾಕಿ, "ಟೊಪ್ಪಿಗಿ ಸುಮ್ಮನ ತಗೊಂಡು ಹೋದೆ," ಎಂದ.

ಆ ಬೋಲಪಟ ಇಚಲಕರಂಜಿಗೆ ತಂಬುವಿನಲ್ಲಿ ಬಂದಾಗ ನೇಮಣ್ಣ ತನ್ನ ತಾಯಿಯನ್ನು ಕರೆದುಕೊಂಡು ಹೋದ, ನನ್ನನ್ನೂ ಕರೆದ. ತಾಯಿ ಅಕ್ಕವ್ವ ಸಿನಿಮಾ ನೋಡುವುದು ಅದೇ ಮೊದಲು. ಕಟ್ಟಿಗೆ ಮೈಯ, ಮೆಲುದನಿಯ ಹೆಂಗಸು. ಮಗನಿಗೆ ಜ್ವರ ಬಂದ ಕಾಲದಿಂದ ಹರಕೆ ಹೊರುತ್ತಲೇ ಇದ್ದವಳು. ಬಸದಿ, ಮಠ, ದರ್ಗಾ ಯಾವುದನ್ನೂ ಬಿಟ್ಟಿರಲಿಲ್ಲ. ಬಿಳಿ ಪರದೆಯ ತುಂಬ ಆ ಕಾಲು ಬಂದಾಗ ಅವಳು ತಟ್ಟನೆ ಗುರುತಿಸಿದಳು. ಪಾದದ ಮೇಲಿನ ಸುಟ್ಟ ಕಲೆ ಅವಳ ಒಲೆಯ ಮುಂದೆ ಆದದ್ದು. "ಇದು ನನ್ನ ಕೂಸಿನ ಕಾಲು," ಎಂದು ಪಕ್ಕದವರಿಗೆಲ್ಲ ಹೇಳಿದಳು. ಯಾರೋ ಸುಮ್ಮನಿರಜ್ಜಿ ಎಂದರು.

ಆಮೇಲೆ ದೇವರು ಬಂದ, ಬೆಳಕು ಬಿತ್ತು, ಅದೇ ಕಲ್ಲಿನ ಮೇಲೆ ಅದೇ ಕಾಲು ಇದ್ದ ಜಾಗದಲ್ಲಿ ತುಂಬಿದ ಮೀನಖಂಡದ ಗಟ್ಟಿ ಕಾಲೊಂದು ಕಾಣಿಸಿತು. ಅದು ನಟನ ಕಾಲು. ತಂಬು ತುಂಬ ಚಪ್ಪಾಳೆ. ಅಕ್ಕವ್ವ ಪರದೆಯನ್ನು ಬಿಟ್ಟು ತಿರುಗಿ, ಕತ್ತಲಲ್ಲಿ ಕೈಯಾಡಿಸಿ ಮಗನ ಕಾಲು ಮುಟ್ಟಿ ನೋಡಿದಳು. ಅದು ಹಾಗೆಯೇ ಇತ್ತು.

ಹೊರಗೆ ಬಂದ ಮೇಲೆ ಅವಳು ಕೇಳಿದ್ದು ಒಂದೇ ಮಾತು. "ಆ ದೇವರು ಯಾವ ಊರಾಗ ಅದಾನೋ ನೇಮು? ಅಲ್ಲಿಗೊಂದು ಹೋಗಿ ಬರೋಣು."

ನೇಮಣ್ಣ ಅದೆಲ್ಲ ಆಟ ಎಂದು ಬಿಡಿಸಿ ಹೇಳಿದ, ಕಾಲು ಬದಲಿಸುವುದು ಹೇಗೆ ಎಂದು ನಾನೂ ಹೇಳಿದೆ. ಅವಳು ಎಲ್ಲಕ್ಕೂ ಹೌದ ಹೌದ ಅಂದಳು. ಮರುವಾರದಿಂದ ಹೊಸ ಹರಕೆ ಶುರುವಾಯಿತು. ಕಾಲು ಅವನದಾದ ಮೇಲೆ ಗುಣವೂ ಅವನದೇ ಎಂಬುದು ಅವಳ ಲೆಕ್ಕ. ತಾನು ಕಾಲು ಕೊಟ್ಟು ಅವ್ವನಿಗೆ ಆಸೆ ಹಚ್ಚಿದೆ ಎಂಬ ಕೊರಗು ನೇಮಣ್ಣನಿಗೆ ಅಂಟಿಕೊಂಡಿತು. ಅವಳು ಉಪವಾಸ ಹಿಡಿದ ದಿನ ಇವನಿಗೆ ಪೇಟಿ ಮುಂದೆ ಕೂಡಲಾಗುತ್ತಿರಲಿಲ್ಲ.

ನಾನು ಬಿ.ಎ. ಪಾಸಾದೆ. ಬಾಡಿಗೆಯ ಗೌನು ತೊಟ್ಟು ಫೋಟೋ ತೆಗೆಸಿಕೊಂಡು ಮೊದಲು ಅವನಿಗೇ ತೋರಿಸಿದೆ. ನಮ್ಮ ಮನೆತನದಲ್ಲಿ ಹಾಗೆ ನಿಂತವರು ಯಾರೂ ಇರಲಿಲ್ಲ, ನನ್ನ ಎದೆ ಆ ಫೋಟೋದಲ್ಲಿ ಈಗಲೂ ಉಬ್ಬಿಯೇ ಇದೆ. ನೇಮಣ್ಣ ಬಹಳ ಹೊತ್ತು ನೋಡಿದ.

"ಬರೋಬ್ಬರಿ ಐತಿ. ಗೌನ ಬಾಡಿಗೀದು, ಮುಖ ನಿಂದು. ನಂದು ಉಲ್ಟಾ ಆತ ನೋಡು."

ಗಡಹಿಂಗ್ಲಜದ ಶಾಲೆಯೊಂದರಲ್ಲಿ ನನಗೆ ಮಾಸ್ತರಿಕೆ ಸಿಕ್ಕಿತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಕಂಪನಿ ಅಲ್ಲಿಗೆ ಮುಕ್ಕಾಂ ಬಂದಾಗ ಅದರ ಅವಸ್ಥೆ ನೋಡುವ ಹಾಗಿರಲಿಲ್ಲ. ಬೋಲಪಟ ಬಂದು ಜನರನ್ನು ಎಳೆದುಕೊಂಡಿತ್ತು, ನಟರು ಒಬ್ಬೊಬ್ಬರಾಗಿ ಹೋಗಿದ್ದರು. ಸೀಮೆಎಣ್ಣೆ ಸಿಗದೆ ಸಂತೆಯ ದಿನ ಹಗಲಾಟ ಆಡುತ್ತಿದ್ದರು. ಹೂವಾಡಿಗನ ಪಾತ್ರಕ್ಕೆ ಹಾಡುವವರೇ ಉಳಿದಿರಲಿಲ್ಲ. ಮಾಲಕರು ತಾವಾಗಿಯೇ ನೇಮಣ್ಣನನ್ನು ಕರೆದರು. ಕುಣಿಯುವ ಕೆಲಸಕ್ಕೆ ಶಿದ್ರಾಮ ಎಂಬ ಕಸರತ್ತಿನವನನ್ನು ಇಟ್ಟರು. ದೇವರು ಬಂದಾಗ ಧೂಪದ ಹೊಗೆ ಏಳಿಸುವುದು, ಹೊಗೆಯಲ್ಲಿ ನೇಮಣ್ಣ ಪಕ್ಕದ ಪರದೆಯೊಳಗೆ ಸರಿಯುವುದು, ಅದೇ ಉಡುಪಿನ ಶಿದ್ರಾಮ ಜಿಗಿದು ಬರುವುದು. ಇಷ್ಟು ಕರಾರು.

ನೇಮಣ್ಣ ಒಪ್ಪಿದ. ಅಕ್ಕವ್ವನನ್ನು ಇಚಲಕರಂಜಿಯಿಂದ ಕರೆಸಿ ನನ್ನ ಮನೆಯಲ್ಲಿ ಇಳಿಸಿದ.

ತಗಡಿನ ಥಿಯೇಟರು, ಸಂದಿಸಂದಿಯಿಂದ ಬಿಸಿಲು. ಅಕ್ಕವ್ವ ನನ್ನ ಪಕ್ಕದಲ್ಲಿ. ಮೊದಲ ಅಂಕದಲ್ಲಿ ನೇಮಣ್ಣ ಬಂದಾಗ ಜನ ನಗಲು ತಯಾರಾಗಿ ಕೂತಿದ್ದರು. ಅವನು ನಗುವುದಕ್ಕೆ ಏನನ್ನೂ ಕೊಡಲಿಲ್ಲ. ದಿನವೂ ನಳಕ್ಕೆ ಹೋಗುವ ಹಾಗೆ ನಡೆದು ಬಂದ, ಕೂತ, ಮಾಲೆ ಕಟ್ಟಿದ, ಹಾಡಿದ. ಹಿಂದಿನಿಂದ ಯಾರೋ "ಏ, ಚಂದಗ ಕುಂಟಪಾ," ಎಂದು ಕೂಗಿದರು. ಎರಡನೆಯ ಅಂಕದ ಹೊತ್ತಿಗೆ ಕೂಗು ನಿಂತಿತ್ತು. ಮೆಚ್ಚಿದರೋ ಬೇಸತ್ತರೋ ನನಗೆ ಇವತ್ತಿಗೂ ಗೊತ್ತಿಲ್ಲ.

ಕೊನೆಯ ಅಂಕದಲ್ಲಿ ದೇವರು ಬಂದು ಕೈ ಎತ್ತಿದ. ಹೊಗೆ ಎದ್ದಿತು. ಅಕ್ಕವ್ವ ನನ್ನ ರಟ್ಟೆ ಹಿಡಿದಳು. ಶಿದ್ರಾಮ ಜಿಗಿದು ಬಂದದ್ದು ಕೇಳಿಸಿತು. ಹೊಗೆ ಕರಗಿದಾಗ ರಂಗದ ಮೇಲೆ ಇಬ್ಬರು ಹೂವಾಡಿಗರು. ಒಬ್ಬ ಕುಣಿಯುತ್ತಿದ್ದ. ಇನ್ನೊಬ್ಬ ಊರುಗೋಲು ಊರಿ, ಇದ್ದಲ್ಲೇ ನಿಂತಿದ್ದ.

ಥಿಯೇಟರು ಬಿದ್ದು ಬಿದ್ದು ನಕ್ಕಿತು. ಶಿದ್ರಾಮ ಅರ್ಧ ಕುಣಿತದಲ್ಲಿ ನಿಂತು ದೇವರನ್ನು ನೋಡಿದ, ದೇವರು ಮಾಲಕರಿದ್ದ ಕಡೆ ನೋಡಿದ. ಎತ್ತಿದ ಕೈ ಇಳಿಸಬೇಕೋ ಬೇಡವೋ ಅವನಿಗೆ ತಿಳಿಯಲಿಲ್ಲ. ನೇಮಣ್ಣ ಕಡೆಯ ಪದ ಎತ್ತಿಕೊಂಡ. ಗುಣವಾದವನು ಕುಣಿಯುತ್ತ ಹಾಡಬೇಕಾದ ಪದ ಅದು. ಅವನು ಅದನ್ನು ನಿಧಾನವಾಗಿ, ಉಸಿರು ತಗೊಳ್ಳುತ್ತ, ನಿಂತಲ್ಲಿಂದಲೇ ಹಾಡಿದ. ನಗು ಒಂದೇ ಸಲಕ್ಕೆ ನಿಲ್ಲಲಿಲ್ಲ, ಅಲ್ಲಲ್ಲಿ ಉಳಿದು ಉಳಿದು ಆರಿತು. ಶಿದ್ರಾಮ ಏನು ಮಾಡಬೇಕೋ ತಿಳಿಯದೆ ಅವನ ಕಾಲ ಹತ್ತಿರ ಕೂತುಬಿಟ್ಟ. ಪದ ಮುಗಿದಾಗ ಚಪ್ಪಾಳೆ ಆಗಲಿಲ್ಲ. ಜನ ಧೋತರ ಕೊಡವಿ ಎದ್ದು ಸಂತೆಯ ಕಡೆ ನಡೆದರು.

ಮಾಲಕರು ಸಿಟ್ಟು ಮಾಡಲಿಲ್ಲ. ಸಿಟ್ಟು ಮಾಡುವ ತ್ರಾಣವೂ ಅವರಲ್ಲಿ ಇದ್ದಂತೆ ಕಾಣಲಿಲ್ಲ. "ಮಂದಿ ಕಾಲ ಬರೋದು ನೋಡಾಕ ಬರತಾರ, ನೇಮಣ್ಣ," ಎಂದರು. "ಕಾಲ ಇಲ್ಲದ್ದು ಅವರ ಮನ್ಯಾಗಽ ಐತಿ. ಅದಕ್ಕ ಯಾಕ ತಿಕೀಟ ತಗೀತಾರ?" ನೇಮಣ್ಣ ಊರುಗೋಲು ಕಂಕುಳಿಗೆ ಕೊಟ್ಟು ಹೊರಗೆ ನಡೆದ. ಆ ಪಾತ್ರ ಅವನಿಗೆ ಮತ್ತೆ ಸಿಗಲಿಲ್ಲ, ಕಂಪನಿಯೂ ಬಹಳ ದಿನ ಉಳಿಯಲಿಲ್ಲ.

ಯಾಕೆ ಸರಿಯಲಿಲ್ಲ ಎಂದು ನಾನು ಮನೆಗೆ ಹೋಗುವಾಗ ಕೇಳಿದೆ. "ಸರೀಬೇಕಂತಲೇ ಇದ್ದೆ," ಎಂದ. "ಹೊಗೀ ಬಂತು. ನಾ ಒಳಗ ಹೋದರ ಅವ್ವ ಮತ್ತ ನನ್ನ ಕಾಲ ಮುಟ್ಟಿ ನೋಡತಾಳ. ಕಾಲ ಎತ್ತಲಿಕ್ಕ ಆಗಲಿಲ್ಲ."

ದೇವರು ಬಂದದ್ದನ್ನೂ ಕಾಲು ಬಾರದ್ದನ್ನೂ ಅಕ್ಕವ್ವ ಕಣ್ಣಾರೆ ನೋಡಿದ್ದಳು. ಮನೆಗೆ ಬಂದು ನನ್ನ ಹೆಂಡತಿಯ ಹತ್ತಿರ ಎಣ್ಣೆ ಕೇಳಿ ತಗೊಂಡು ಮಗನ ಮುಂದೆ ಕೂತಳು. "ಅಷ್ಟೊತ್ತು ನಿಂತಿದ್ದಿ. ಚಾಚು," ಎಂದಳು. ಅವಳು ತಿಕ್ಕಿದ್ದು ಎಡಗಾಲನ್ನು, ದಣಿದ ಕಾಲನ್ನು. ಅಲ್ಲಿಂದ ಮುಂದೆ ಅವಳು ಹರಕೆ ಹೊತ್ತದ್ದು ನಾನು ಕೇಳಲಿಲ್ಲ.

ನಾನು ಅವನನ್ನು ಕಡೆಯ ಸಲ ಕಂಡದ್ದು ಇಚಲಕರಂಜಿಯಲ್ಲಿ. ಅಕ್ಕವ್ವ ತೀರಿಕೊಂಡಿದ್ದಳು. ಮಗ್ಗಗಳ ಸದ್ದಿನ ಓಣಿಯಲ್ಲಿ, ಕೈಪೇಟಿ ಇಟ್ಟುಕೊಂಡು ಅವನು ಮಕ್ಕಳಿಗೆ ಸರಿಗಮ ಹೇಳುತ್ತಿದ್ದ. ಎಡಗಾಲೂ ಸೋತಿತ್ತು. ಕನ್ನಡಿ ಮಾತ್ರ ಕಿಸೆಯಲ್ಲೇ ಇತ್ತು. ನಾನು ಅಷ್ಟಿಷ್ಟು ಬರೆಯುತ್ತೇನೆಂದು ಯಾರೋ ಅವನಿಗೆ ಹೇಳಿದ್ದರು.

"ನನ್ನ ಮ್ಯಾಲೂ ಬರೀತಿಯೇನು?"

ಬರೆದರೂ ಬರೆದೇನು ಎಂದೆ.

"ಬರದರ ಕಡೀಕ ಕಾಲ ಕೊಡಬ್ಯಾಡ," ಎಂದ. "ಒಬ್ಬ ದೇವರಽ ಸಾಕಾಗ್ಯಾನ."

ಅವನು ತೀರಿಹೋದ ಮರುವರ್ಷ ಆ ಹಳೆಯ ಬೋಲಪಟ, ಗೀರುಬಿದ್ದ ರೀಲು, ಗಡಹಿಂಗ್ಲಜಕ್ಕೆ ಮತ್ತೆ ಬಂತು. ಶಾಲೆಯ ಪಾಠ ಮುಗಿಸಿ ಮಧ್ಯಾಹ್ನದ ಆಟಕ್ಕೆ ಒಬ್ಬನೇ ಹೋಗಿ ಕೂತೆ. ಕಲ್ಲಿನ ಮೇಲೆ ಆ ಕಾಲು ಬಂತು. ಕೆಸರಿನ ಅಡಿಯಲ್ಲಿ ಅಕ್ಕವ್ವನ ಒಲೆಯ ಕಲೆ ಇನ್ನೂ ಕಾಣುತ್ತಿತ್ತು. ಮುಂದಿನ ಸಾಲಿನಲ್ಲಿ ಯಾರೋ ಮೂಗೊರೆಸಿಕೊಂಡರು. ದೇವರ ಹಾಡು ಶುರುವಾದ ಕೂಡಲೇ ನಾನು ಎದ್ದೆ.

ಬಾಗಿಲು ಕಾಯುವವನು ತಡೆದ. "ಯಾಕ್ರೀ ಮಾಸ್ತರ, ಈಗಽ ಚಲೋ ಸೀನ ಬರತೈತಿ, ಕೂಡ್ರಿ."

ನಾನು ನೋಡಬೇಕಾದದ್ದು ಆಯಿತು ಎಂದು ಹೇಳಿ ಬಿಸಿಲಿಗೆ ಬಂದೆ.