ದಾಸ್ನೇವಿಸ್ ಮಚಾದೊ ಅವರ ತಣ್ಣನೆಯ ಕಡಲು

ತೂತ್ತುಕುಡಿಯಲ್ಲಿ ಕಡಲನ್ನು ದುಡ್ಡು ಕೊಟ್ಟು ಕೊಂಡವರು ನಮ್ಮ ಬೀದಿಯ ದಾಸ್ನೇವಿಸ್ ಮಚಾದೊ ಒಬ್ಬರೇ. ಬೀದಿಯ ತುದಿಯಲ್ಲಿ ಅಸಲಿ ಕಡಲು ಬಿಟ್ಟಿಯಾಗಿ ಬಿದ್ದಿತ್ತು. ಅದು ಅವರಿಗೆ ಹಿಡಿಸಿರಲಿಲ್ಲ. ಅದರಲ್ಲಿ ದೋಣಿಗಳ ಎಣ್ಣೆ ಇತ್ತು, ಮೀನಿನ ಕರುಳು ಇತ್ತು, ಮುಖ್ಯವಾಗಿ ನೆಂಟರಿದ್ದರು.

ಅವರ ತಾತ ಶಂಖ ಹೆಕ್ಕಲು ಕಡಲಲ್ಲಿ ಮುಳುಗು ಹಾಕಿದವರು, ಅಪ್ಪ ಬಲೆ ಎಳೆದವರು. ಮಚಾದೊ ಹಡಗಿನ ಏಜೆಂಟರ ಕಚೇರಿಯಲ್ಲಿ ಇಸ್ತ್ರಿ ಪ್ಯಾಂಟು ತೊಟ್ಟು ಕುಳಿತವರು. ಅವರ ಹಿಮ್ಮಡಿಗೆ ಅಲೆ ತಾಗಿದ್ದನ್ನು ಕಂಡವರಿಲ್ಲ. ಅವರ ಕಡಲು ಮನೆಯ ಹಿಂದಿನ ಕೋಣೆಯಲ್ಲಿತ್ತು, ಮಂಚದಷ್ಟು ಉದ್ದದ ಗಾಜಿನ ತೊಟ್ಟಿಯಲ್ಲಿ. ತಳದ ಮರಳಲ್ಲಿ ಕಡಲಹುಲ್ಲು, ಕಲ್ಲುಗಳ ಮೇಲೆ ಕೆಂಪು, ಕಂದು, ಹಸಿರು ಪಾಚಿಗಳು. ಮೀನು ಒಂದೂ ಇಲ್ಲ. ‘ಮೀನೆಲ್ಲಿ?’ ಎಂದು ಕೇಳಿದವರಿಗೆ ಎರಡನೇ ಸಲ ಒಳಗೆ ಪ್ರವೇಶವಿರಲಿಲ್ಲ.

ನೋಡಲು ಚೆಂದವಿತ್ತು, ಇಲ್ಲವೆನ್ನಲಾರೆ. ಪಂಪು ತಳ್ಳಿದ ನೀರಿಗೆ ಹುಲ್ಲೆಲ್ಲ ಒಂದೇ ಕಡೆ ಬಾಗಿ, ಮೆಲ್ಲಗೆ ಏಳುತ್ತಿತ್ತು. ಯಾರೋ ತಲೆ ಬಾಚುತ್ತ ಬಾಚುತ್ತ ಏನನ್ನೋ ನೆನೆದು ನಿಂತ ಹಾಗೆ. ಆ ಚೆಂದಕ್ಕೆ ಏ.ಸಿ. ಬೇಕಿತ್ತು. ಮನೆಯಲ್ಲಿದ್ದದ್ದು ಅದೊಂದೇ ಏ.ಸಿ. ಹೆಂಡತಿ ಜೆನೋವಾ ಗೋಡೆಯ ಈಚೆ, ಸೆರಗಿನಿಂದ ಕತ್ತು ಒರೆಸಿಕೊಳ್ಳುತ್ತ ಮೀನು ಹುರಿಯುತ್ತಿದ್ದರು. ಹುಲ್ಲಿಗೆ ಹೊಗೆಯಾಗದು ಎಂದು ಅಡುಗೆಮನೆಯ ಆ ಕಡೆಯ ಕಿಟಕಿಯನ್ನು ಮಚಾದೊ ಮೊಳೆ ಹೊಡೆದು ಮುಚ್ಚಿಸಿದ್ದರು.

ತೊಟ್ಟಿಯ ಉಪ್ಪು ವಿದೇಶದಿಂದ ಬಾಲ್ದಿಯಲ್ಲಿ ಬರುತ್ತಿತ್ತು, ಊರಾಚೆ ಉಪ್ಪಿನ ರಾಶಿಗಳು ಗುಡ್ಡದಂತೆ ನಿಂತಿರುವ ನಮ್ಮ ಊರಿಗೆ. ಬಾಲ್ದಿ ಬಂದ ದಿನ, ಎದುರುಮನೆಯ ಜಗಲಿಯಲ್ಲಿ ಬಲೆ ಹೆಣೆಯುವ ಕಾಸ್ಪರ್ ಸುಮ್ಮನೆ ಬಿಡುತ್ತಿರಲಿಲ್ಲ.

“ಏನ್ ಮಚಾದೊ, ನಮ್ಮೂರ್ ಉಪ್ಪಿಗೆ ಉಪ್ಪು ಸಾಲ್ದಾಯ್ತಾ?”

“ನಿಮಗೆ ಅರ್ಥ ಆಗಲ್ಲ ಬಿಡಿ. ಇದರಲ್ಲಿ ಎಲ್ಲಾ ಅಳತೆ ಪ್ರಕಾರ ಇರುತ್ತೆ.”

“ಬಲೇಲಿ ಸಿಕ್ಕೋ ಪಾಚಿ ಕಿತ್ತೂ ಕಿತ್ತೂ ನನ್ ಉಗುರೇ ಹೋಯ್ತು ಕಣಯ್ಯಾ. ಬೇಕಂದ್ರೆ ಅದನ್ನೂ ಅಳೆದು ಕೊಡ್ತೀನಿ.”

ಮಚಾದೊ ಕೇಳಿಸದವರಂತೆ ಒಳಗೆ ಹೋಗುತ್ತಿದ್ದರು. ಅವರ ಪಾಚಿ ಚೆನ್ನೈನಿಂದ ಕೊರಿಯರಿನಲ್ಲಿ ಬರುತ್ತಿತ್ತು.

ಮೇ ತಿಂಗಳ ಬಿಸಿಲಲ್ಲಿ ಅವರ ಅತ್ತೆ ಸೂಸಮ್ಮಾಳ್ ಕಣ್ಣಿನ ಪೊರೆ ತೆಗೆಸಿಕೊಂಡು ಮಗಳ ಮನೆಗೆ ಬಂದರು. ಹೊಗೆ, ಧೂಳು, ಬೆಳಕು ಮೂರೂ ಕೂಡದು ಎಂದು ಡಾಕ್ಟರು ಹೇಳಿದ್ದರು. ಮುಂದಿನ ಕೋಣೆಗೆ ಬೀದಿಯ ಧೂಳು, ನಡುಮನೆಗೆ ಅಡುಗೆಯ ಹೊಗೆ. ಜೆನೋವಾ ಯಾರನ್ನೂ ಕೇಳದೆ ತಾಯಿಗೆ ತೊಟ್ಟಿಯ ಕೋಣೆಯಲ್ಲಿ ಹಾಸಿಗೆ ಹಾಸಿದರು.

“ಇಲ್ಲಿ ಆಗಲ್ಲ,” ಎಂದರು ಮಚಾದೊ. “ಇಲ್ಲಿ ದೀಪ ಆರಿಸೋ ಹಾಗಿಲ್ಲ.”

“ಯಾಕೆ?”

“ಈ ಹಸಿರು ಗೊಂಚಲು ನೋಡು, ದ್ರಾಕ್ಷಿ ಥರದ್ದು. ಕತ್ತಲಾಯ್ತೋ, ಒಂದೇ ರಾತ್ರೀಲಿ ಬೀಜ ಬಿಟ್ಟುಬಿಡುತ್ತೆ. ಮೈಯಲ್ಲಿರೋದನ್ನೆಲ್ಲಾ ನೀರಿಗೆ ಚೆಲ್ಲಿ ಸತ್ತೇಹೋಗುತ್ತೆ. ನೀರು ಕೆಟ್ಟು ಹುಲ್ಲೂ ಸಾಯುತ್ತೆ. ಅದಕ್ಕೇ ಹಗಲೂ ರಾತ್ರಿ ದೀಪ.”

ಕಪ್ಪು ಕನ್ನಡಕ ಹಾಕಿಕೊಂಡು ಹಾಸಿಗೆಯ ಮೇಲೆ ಕೂತಿದ್ದ ಸೂಸಮ್ಮಾಳ್ ಧ್ವನಿ ಬಂದ ಕಡೆ ಮುಖ ತಿರುಗಿಸಿದರು.

“ಅಳಿಯಂದ್ರೇ, ನಾನೂ ಐದು ಹೆತ್ತೆ. ಎಲ್ಲಾ ದೀಪ ಆರಿಸಿದ್ಮೇಲಿನ ಫಲವೇ. ನಾನೇನು ಸತ್ತುಹೋದ್ನಾ?”

ಜೆನೋವಾ ಸೆರಗನ್ನು ಬಾಯಿಗೆ ಒತ್ತಿಕೊಂಡು ಹೊರಗೆ ಓಡಿದರು. ಮಚಾದೊ ನಗಲಿಲ್ಲ. ಕೊಬ್ಬರಿ ಎಣ್ಣೆಯ ಕೈಯಲ್ಲಿ ಗಾಜು ಮುಟ್ಟಬಾರದು, ಪೌಡರ್ ಹಾಕಬಾರದು, ಸೊಳ್ಳೆಬತ್ತಿ ಹಚ್ಚಬಾರದು ಎಂದು ಅತ್ತೆಗೆ ಒಂದೊಂದಾಗಿ ಹೇಳಿದರು. ದೀಪ ಉರಿಯುತ್ತಲೇ ಇತ್ತು.

ಎರಡು ರಾತ್ರಿ ಮುದುಕಿ ಕನ್ನಡಕದ ಮೇಲೆ ಟವಲು ಸುತ್ತಿಕೊಂಡು ಮಲಗಿದರು. ಬೆಳಗ್ಗೆ ಔಷಧದ ಹನಿ ಹಾಕಲು ಜೆನೋವಾ ರೆಪ್ಪೆ ಬಿಡಿಸಿದರೆ, ಕಣ್ಣು ಕೆಂಡವಾಗಿ ಸೋರುತ್ತಿತ್ತು.

“ಅಮ್ಮನ ಕಣ್ಣು ಹೋದ್ರೆ ಏನ್ ಮಾಡ್ತೀರಿ?”

ಮಚಾದೊ ನಿಜವಾಗಿಯೂ ಯೋಚಿಸಿದರು. ಆಮೇಲೆ, “ಒಂದು ವಾರ ಮುಂದಿನ ಕೋಣೇಲಿ ಮಲಗಿಸು,” ಎಂದರು. “ಹುಲ್ಲು ಈಗಷ್ಟೇ ಬೇರು ಬಿಡ್ತಿದೆ.”

ಜೆನೋವಾ ಆ ಸಂಜೆ ಜಪಮಾಲೆ ಪ್ರಾರ್ಥನೆ ಮುಗಿಸಿ, ಶಿಲುಬೆಗೆ ಮುತ್ತಿಟ್ಟು, ಗಂಡ ಚರ್ಚಿನ ಸಭೆಗೆ ಹೋದದ್ದನ್ನು ನೋಡಿಕೊಂಡು ತೊಟ್ಟಿಯ ದೀಪದ ಪ್ಲಗ್ಗು ಕಿತ್ತರು. ತಾಯಿಯ ಜೊತೆ ತಾವೂ ಅಲ್ಲೇ ಚಾಪೆ ಹಾಸಿಕೊಂಡರು. ಮಚಾದೊ ಬಂದಾಗ ಕೋಣೆಯ ಬಾಗಿಲು ಮುಚ್ಚಿತ್ತು. ದೀಪದ ವಿಷಯದಲ್ಲಿ ತಮ್ಮ ಮಾತು ಮೀರುವವರಿದ್ದಾರೆಂದು ಅವರಿಗೆ ಹೊಳೆಯಲೇ ಇಲ್ಲ.

ಬೆಳಗ್ಗೆ ತೊಟ್ಟಿಯ ತುಂಬ ಅಕ್ಕಿ ತೊಳೆದಂಥ ಬಿಳಿ ನೀರು. ದ್ರಾಕ್ಷಿಗೊಂಚಲುಗಳು ರಸ ಹೀರಿ ಬಿಸಾಡಿದ ಸಿಪ್ಪೆಯಂತೆ ಬೆಳ್ಳಗೆ ತೇಲುತ್ತಿದ್ದವು. ಅಂಥ ಸಾವನ್ನು ನಾನು ಬೇರೆಲ್ಲೂ ಕಂಡಿಲ್ಲ. ಇಡೀ ಬೀದಿಗೆ ಕೇಳುವಂತೆ ಮಚಾದೊ ಕೂಗಿಕೊಂಡರು. ಅತ್ತೆಯ ಕಣ್ಣು ಸೋರಿದಾಗ ಆ ದನಿ ಇಷ್ಟು ಏರಿರಲಿಲ್ಲ.

ಹುಲ್ಲು ಇನ್ನೂ ಹಸಿರಾಗಿತ್ತು. ಆದರೆ ಅರ್ಧ ನೀರನ್ನು ಕೂಡಲೇ ಬದಲಿಸದಿದ್ದರೆ ಅದೂ ಉಳಿಯುವುದಿಲ್ಲ. ತೊಟ್ಟಿಗೆಂದು ಶುದ್ಧ ಮಾಡಿಟ್ಟ ನೀರು ಮುಗಿದಿತ್ತು. ಕಾರ್ಪೊರೇಷನ್ನಿನ ನಲ್ಲಿ ನೀರು ಹಿಂದಿನ ದಿನವಷ್ಟೇ ಬಂದು ಹೋಗಿತ್ತು, ಸದ್ಯಕ್ಕೆ ಮತ್ತೆ ಬರದು. ಅಡುಗೆಮನೆಯಲ್ಲಿ ಕೊಡಗಳು ತುಂಬಿ ಸಾಲಾಗಿ ಕೂತಿದ್ದವು.

“ಆ ಕೊಡಗಳನ್ನ ಕೊಡು, ಉಪ್ಪು ಕಲಸ್ತೀನಿ.”

“ಅದು ಕುಡಿಯೋ ನೀರು.”

“ಜೆನೋವಾ, ಹುಲ್ಲು ಸಾಯುತ್ತೆ!”

“ಬೀದಿ ತುದೀಲಿದೆಯಲ್ಲ, ಉಪ್ಪು ಕಲಸಿದ್ದೇ ಇದೆ. ತಗೊಂಡು ಬನ್ನಿ.”

ಮಚಾದೊ ಎರಡೂ ಕೈಯಲ್ಲಿ ಕ್ಯಾನು ಹಿಡಿದು ಹೊರಟರು. ದಡದಲ್ಲಿ ಮೀನು ಆರಿಸುತ್ತಿದ್ದ ಹೆಂಗಸರು ಕೈ ನಿಲ್ಲಿಸಿದರು. ಮಚಾದೊ ಪ್ಯಾಂಟನ್ನು ಮೊಣಕಾಲವರೆಗೆ ಅಚ್ಚುಕಟ್ಟಾಗಿ ಮಡಚಿ, ಕಣ್ಣು ಮುಚ್ಚಿ ಒಂದು ಹೆಜ್ಜೆ ಇಟ್ಟರು. ಅಲೆ ಮಡಿಕೆಯನ್ನು ಲೆಕ್ಕಕ್ಕೇ ತೆಗೆದುಕೊಳ್ಳದೆ ಸೊಂಟದವರೆಗೂ ನೆನೆಸಿತು.

“ಅಯ್ಯೋ, ಹುಷಾರಪ್ಪಾ! ನಿನ್ ತೊಟ್ಟಿಗಿಂತ ಸ್ವಲ್ಪ ಆಳ ಇದೆ!” ಎಂದಳೊಬ್ಬಳು.

ತುಂಬಿದ ಕ್ಯಾನುಗಳೊಂದಿಗೆ ಒದ್ದೆಯಾಗಿ ಮನೆಗೆ ಬಂದರೆ ಕೋಣೆಯ ಬಾಗಿಲಿಗೆ ಒಳಗಿನಿಂದ ಚಿಲಕ. ಬಡಿದರು.

“ಮೆಲ್ಲಗೆ!” ಜೆನೋವಾರ ದನಿ. “ಹನಿ ಹಾಕಿದೀನಿ. ಅಮ್ಮ ಈಗಷ್ಟೇ ಕಣ್ಣು ಮುಚ್ಚಿದಾರೆ.”

“ನೀರು ತಂದಿದೀನಿ...”

“ಅಲ್ಲೇ ಇರಲಿ.”

ಮಚಾದೊ ಹೊರಬಾಗಿಲ ಮೆಟ್ಟಿಲ ಮೇಲೆ ಕ್ಯಾನುಗಳ ನಡುವೆ ಕೂತರು. ಬಿಸಿಲು ಏರುತ್ತಿತ್ತು.

“ಕ್ಯಾನಿಗೆಷ್ಟಪ್ಪಾ?” ಎಂದರು ಕಾಸ್ಪರ್, ಬಲೆಯಿಂದ ತಲೆಯೆತ್ತದೆ.

ನೀರು ಬಿಸಿಯಾದೀತೆಂದು ಮಚಾದೊ ತಮ್ಮ ಒದ್ದೆ ಅಂಗಿ ಬಿಚ್ಚಿ ಕ್ಯಾನುಗಳ ಮೇಲೆ ಹೊದಿಸಿದರು. ಬನಿಯನ್ನಿನಲ್ಲಿ ಅವರನ್ನು ಬೀದಿ ಅಂದೇ ಮೊದಲು ನೋಡಿದ್ದು. ಬಹಳ ಹೊತ್ತಿನ ಮೇಲೆ ಚಿಲಕ ತೆಗೆದ ಸದ್ದಾಯಿತು. ಜೆನೋವಾ ಕಾಫಿ ಇಡಲು ಹೊರಬಂದರು. ಅವರ ಮುಖ ಏ.ಸಿ.ಯಲ್ಲಿ ನಿದ್ದೆ ಮಾಡಿ ತಂಪಾಗಿತ್ತು, ಸ್ವಲ್ಪ ಊದಿಕೊಂಡಿತ್ತು.

“ನೀರು ಹಾಕ್ಕೊಳ್ಳಿ. ಸದ್ದು ಬೇಡ.”

“ದೀಪ?”

“ಅಮ್ಮನ್ನ ಕೇಳಿ.”

ಮಚಾದೊ ಕತ್ತಲ ಕೋಣೆಯ ಹೊಸ್ತಿಲಲ್ಲಿ, ಕ್ಯಾನು ಹಿಡಿದೇ ನಿಂತರು. ಗಂಟಲು ಸರಿಮಾಡಿಕೊಂಡರು.

“ಅತ್ತೇ... ಒಂದು ಗಂಟೆ ಮಟ್ಟಿಗೆ ದೀಪ ಹಾಕ್ಲಾ?”

ಸೂಸಮ್ಮಾಳ್ ದಿಂಬಿನ ಮೇಲೆ ತಲೆ ಹೊರಳಿಸಿ, ಗೋಡೆಯ ಕಡೆ ಮುಖ ಮಾಡಿಕೊಂಡರು.

“ನಾಳೆ ಕೇಳಿ, ಅಳಿಯಂದ್ರೇ.”